ಎಡಗಡೆಯ ಸೀಟು

“ಗುರುಗಳೇ, ಒಬ್ಬರ ಮೇಲಿನ ಸಿಟ್ಟು ಮನಸ್ಸಿನಿಂದ ಪೂರ್ತಿ ಹೋಯಿತು ಎಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. “ಯಾರ ಮೇಲಿನ ಸಿಟ್ಟು?” ಎಂದರು.

“ನಮ್ಮಣ್ಣನ ಮೇಲಿನದು. ಆರು ವರ್ಷವಾಯಿತು. ಜಪ ಮಾಡಿದೆ, ಉಪವಾಸ ಮಾಡಿದೆ, ಹೆಚ್ಚುಕಡಿಮೆ ಎಲ್ಲ ಹೋಗಿದೆ. ಆದರೂ ಅವನ ನೆನಪಾದರೆ ಒಳಗೆ ಎಲ್ಲೋ ಒಂದು ಕಡೆ ಚುರುಕ್ ಎನ್ನುತ್ತದೆ. ಎಲ್ಲಿ ಎಂದು ಹುಡುಕಿದರೆ ಸಿಗುತ್ತಿಲ್ಲ. ಅದೊಂದು ಹೋಗಿಬಿಟ್ಟರೆ ಅವತ್ತೇ ಅವನ ಮನೆಗೆ ಹೋಗುತ್ತೇನೆ.”

“ಅವನು ಕರೆದಿದ್ದಾನೋ?”

“ಪ್ರತಿ ಯುಗಾದಿಗೂ ಹೇಳಿ ಕಳಿಸುತ್ತಾನೆ. ಒಳಗೆ ಸಿಟ್ಟಿಟ್ಟುಕೊಂಡು ಅವನ ಮನೆಯ ಅನ್ನ ಉಣ್ಣುವುದು ತಪ್ಪಲ್ಲವೇ?”

ಗುರುಗಳು ಒಂದು ಬೊಗಸೆ ಅವರೆಕಾಯಿ ತೆಗೆದು ಶಿಷ್ಯನ ಮುಂದೆ ಸುರಿದರು. “ಸುಮ್ಮನೆ ಕೂರಬೇಡ, ಬಿಡಿಸು. ಒಂದು ಕತೆ ಹೇಳುತ್ತೇನೆ,” ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವೆಲ್ಡರ್ ಇದ್ದ. ಅವನ ಹೆಸರು ನನಗೆ ಗೊತ್ತು, ನಿನಗೆ ಬೇಡ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವುದು, ಕಿಟಕಿಗೆ ಸರಳು ಬೆಸೆಯುವುದು ಅವನ ಕೆಲಸ. ಕೈ ಬಹಳ ಒಳ್ಳೆಯದು. ಬಾಯಿ ಸ್ವಲ್ಪ ದೊಡ್ಡದು. ಹೆಣ್ಣಿನ ಮನೆಯಲ್ಲೇ ನಡೆದ ಅವನ ಮದುವೆಯ ದಿನ ಊಟದ ಪಂಕ್ತಿಯಲ್ಲಿ ಅವಳ ಕಡೆಯವರು ಯಾರೋ, “ಹೋಗಿ ಹೋಗಿ ತಗಡು ಬಡಿಯುವವನಿಗೆ ಹುಡುಗಿ ಕೊಟ್ಟರಲ್ಲ” ಎಂದು ನಕ್ಕರು. ಆ ಮಾತು ಮದುಮಗಳ ಕಿವಿಗೂ ಬಿತ್ತು, ಇವನ ಕಿವಿಗೂ ಬಿತ್ತು. ಅವಳು ತಲೆ ತಗ್ಗಿಸಿದಳು. ಇವನಿಗೆ ತಡೆಯಲಾಗಲಿಲ್ಲ. ಎಲೆಯ ಮುಂದೆಯೇ ಅವಳ ಕಡೆ ಬಾಗಿ, “ನೋಡ್ತಿರು, ನನ್ನ ಕೈಯಾರೆ ಒಂದು ಕಾರು ಕಟ್ತೀನಿ. ಅದರಲ್ಲಿ ನಿನ್ನನ್ನ ಕೂರಿಸಿಕೊಂಡು ಬಂದು ಇದೇ ಬಾಗಿಲಲ್ಲಿ ಇಳಿಸ್ತೀನಿ” ಎಂದ.

ಅವಳಿಗೆ ನಗು ಬಂತು. ಅವನು ನಗಲಿಲ್ಲ.

ಏಳು ವರ್ಷ ಹಿಡಿಯಿತಪ್ಪ. ಇಂಜಿನ್ನು ಒಂದು ಹಳೆಯ ಆಟೋದ್ದು. ಸ್ಟೇರಿಂಗು ಗುಜರಿಗೆ ಬಂದ ಜೀಪಿನದು. ಹಿಂದಿನ ಸೀಟು ಬಸ್ಸಿನದು. ಬಾಗಿಲು, ಮೈಯೆಲ್ಲ ಅವನೇ ತಗಡು ಬಡಿದು ಮಾಡಿದ್ದು. ಅಂಗಡಿಯ ಕೆಲಸ ಮುಗಿಸಿ ಬಂದು, ಮನೆಯ ಹಿಂದಿನ ಚಪ್ಪರದ ಕೆಳಗೆ ದಿನಕ್ಕಿಷ್ಟು ಎಂದು ಕಟ್ಟುತ್ತಿದ್ದ. ಹೆಂಡತಿಯೂ ನೋಡುತ್ತ ನಿಂತವಳಲ್ಲ. ಸ್ಪ್ಯಾನರ್ ಕೊಡು ಎಂದರೆ ಕೊಟ್ಟಳು, ಹಿಡಿ ಎಂದದ್ದನ್ನು ಹಿಡಿದಳು, ಕೂರು ಎಂದಲ್ಲಿ ಕೂತಳು. ಎಷ್ಟೋ ದಿನ ಅವಳ ಸೆರಗಿನಲ್ಲೂ ಗ್ರೀಸ್ ವಾಸನೆ.

ಎಲ್ಲ ಹಳೆಯದಾದರೂ ಒಂದನ್ನು ಮಾತ್ರ ಅವನು ಹೊಸದಾಗಿ ಮಾಡಿದ. ಅದು ಮುಂದಿನ ಎಡಗಡೆಯ ಸೀಟು. ನಾರು ತುಂಬಿ, ಮೇಲೆ ಹತ್ತಿ ಹಾಸಿ, ಕೆಂಪು ರೆಕ್ಸಿನ್ ಹೊದಿಸಿ ತಾನೇ ಹೊಲಿದ. ಹೊಲಿದಾದ ಮೇಲೆ ಪ್ಲಾಸ್ಟಿಕ್ ಸುತ್ತಿ, “ಇದರಲ್ಲಿ ಮೊದಲು ಅವಳು ಕೂರಬೇಕು. ಅಲ್ಲಿಯವರೆಗೆ ಬೇರೆ ಯಾರಾದರೂ ಕೂತರೆ ಕಾಲು ಮುರೀತೀನಿ” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ.

ಕಾರು ಸಿದ್ಧವಾದ ದಿನ, ಒಬ್ಬನೇ ಒಂದು ಸುತ್ತು ಹೋಗಿ ನೋಡಿ ಬರುತ್ತೇನೆ, ಆಮೇಲೆ ನಿನ್ನನ್ನು ಕೂರಿಸುತ್ತೇನೆ ಎಂದು ಹೊರಟ. ಜನ ಬಾಗಿಲಿಗೆ ಬಂದು ನಿಂತರು. ಕಾರು ಗಂಭೀರವಾಗಿ ಹೋಯಿತು. ಬೀದಿಯ ತುದಿಯಲ್ಲಿ ಒಂದು ಗುಂಡಿ. ಅದರಲ್ಲಿ ಇಳಿದು ಹತ್ತಿತೋ ಇಲ್ಲವೋ, ‘ಕೀಚ್’ ಎಂದಿತು.

ಮುಂದಿನ ಗುಂಡಿಗೆ ಮತ್ತೆ ಕೀಚ್. ಊರು ಸುತ್ತಿ ಬರುವಷ್ಟರಲ್ಲಿ ನೂರು ಸಲ ಕೀಚ್. ಮನೆಗೆ ಬಂದಾಗ ಅವನ ಮುಖ ಇಂಗು ತಿಂದ ಮಂಗನ ಮುಖದಂತಾಗಿತ್ತು. ಹೆಂಡತಿ ಸೀರೆ ಬದಲಿಸಿ, ಹೂ ಮುಡಿದು ಬಾಗಿಲಲ್ಲಿ ನಿಂತಿದ್ದಳು. “ಇವತ್ತು ಬೇಡ ಕಣೇ. ಎಲ್ಲೋ ಸದ್ದು ಬರ್ತಿದೆ. ನಿಮ್ಮವರ ಮುಂದೆ ಕೀಚ್ ಕೀಚ್ ಅಂತ ಹೋಗಿ ನಿಂತರೆ ಇನ್ನೊಂದು ಸಲ ನಗ್ತಾರೆ. ಸದ್ದು ಹೋಗಲಿ, ಹೊರಡೋಣ” ಎಂದ.

“ಬರಲಿ ಬಿಡ್ರೀ, ನನಗೇನೂ ಬೇಜಾರಿಲ್ಲ” ಎಂದಳು ಅವಳು.

“ನಿನಗೆ ತಿಳಿಯೋದಿಲ್ಲ, ಸುಮ್ನಿರು” ಎಂದು ಅವನು ಕಾರಿನ ಕೆಳಗೆ ತೂರಿದ.

ಅಲ್ಲಿಂದ ಶುರುವಾಯಿತು ನೋಡು ಹುಡುಕಾಟ. ಬಾಗಿಲಿನ ಕೀಲು ಬಿಚ್ಚಿದ, ಎಣ್ಣೆ ಬಿಟ್ಟ, ಹಾಕಿದ. ಕೀಚ್. ಚಕ್ರ ಬಿಚ್ಚಿದ, ಗ್ರೀಸ್ ಮೆತ್ತಿದ, ಹಾಕಿದ. ಕೀಚ್. ಮೋಟಾರು ರಿಪೇರಿಯ ಗೆಳೆಯನೊಬ್ಬನನ್ನು ಕರೆತಂದ. ಗೆಳೆಯ ಮುಂದೆ ಕೂರಲು ಹೋದರೆ, “ಹಿಂದೆ ಕೂತು ಕೇಳಯ್ಯ, ಮುಂದೆ ಅವಳ ಸೀಟು” ಎಂದು ಗದರಿದ. ಪಾಪ, ಆ ಗೆಳೆಯ ಹಿಂದೆ ಕಾರಿನ ತಳಕ್ಕೆ ಕಿವಿ ಹಚ್ಚಿ ಮಲಗಿಕೊಂಡು ನಾಲ್ಕು ಊರು ಸುತ್ತಿದ. ಕುತ್ತಿಗೆ ಉಳುಕಿಸಿಕೊಂಡನೇ ಹೊರತು ಸದ್ದು ಎಲ್ಲಿಂದ ಎಂದು ಹೇಳಲಾಗಲಿಲ್ಲ. ಪಕ್ಕದ ಮನೆಯವರು, “ಒಳಗೆ ಇಲಿ ಮರಿ ಹಾಕಿರಬೇಕು” ಎಂದು ಗೇಲಿ ಮಾಡಿದರು. ಇವನು ಅದನ್ನೂ ನಂಬಿ, ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಕಾರಿನಲ್ಲಿಟ್ಟ. ಮರುದಿನ ಕೊಬ್ಬರಿ ಇದ್ದಹಾಗೇ ಇತ್ತು, ಸದ್ದೂ ಇದ್ದಹಾಗೇ ಇತ್ತು.

ಬಿಚ್ಚದೆ ಬಿಟ್ಟದ್ದು ಒಂದೇ. ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಸ್ಪ್ರಿಂಗ್ ಪಟ್ಟಿಗಳನ್ನು ಕಚ್ಚಿಸಿದ ಕೆಳಗಿನ ನಟ್ಟುಗಳು. ಅವನ್ನು ಸರಿಯಾಗಿ ಬಿಗಿದಿದ್ದೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ನಿಜವೂ ಹೌದು.

ಹೆಂಡತಿಗೆ ಮಾತ್ರ ಆ ಸದ್ದಿನ ಮೇಲೆ ಪ್ರೀತಿಯೇ ಹುಟ್ಟಿತ್ತು. ಬೀದಿಯ ತುದಿಯ ಗುಂಡಿಯಲ್ಲಿ ಕೀಚ್ ಎಂದರೆ ಒಳಗಿನಿಂದಲೇ, “ಬಂದ್ರು” ಎಂದುಕೊಂಡು ಕಾಫಿಗೆ ನೀರಿಡುತ್ತಿದ್ದಳು. ಅವನು ಒಳಗೆ ಕಾಲಿಡುವಷ್ಟರಲ್ಲಿ ಕಾಫಿ ಸಿದ್ಧ. ಇದು ಅವನಿಗೆ ಗೊತ್ತಿರಲಿಲ್ಲ.

ಅವಳ ತಮ್ಮ ಹೊಸ ಮನೆ ಕಟ್ಟಿದ. ಗೃಹಪ್ರವೇಶಕ್ಕೆ ಕರೆ ಬಂತು. “ಇನ್ನೆರಡು ದಿನ ತಡಿ, ಸದ್ದು ಸಿಕ್ಕೇ ಸಿಗುತ್ತೆ” ಎಂದ. ಸಿಗಲಿಲ್ಲ. ಅವಳು ಬಸ್ಸಿನಲ್ಲಿ ಹೋಗಿ ಬಂದಳು. ಸೋದರಮಾವನ ಮಗಳ ಮದುವೆ ಬಂತು. ಅವತ್ತೂ ಕಾರು ಚಪ್ಪರದ ಕೆಳಗೆ ಬಿಚ್ಚಿಕೊಂಡು ಬಿದ್ದಿತ್ತು. ಅವಳು ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ನಿಂತುಕೊಂಡು ಬಂದಳು. ಅಲ್ಲಿ ಯಾರೋ, “ನಿನ್ನ ಗಂಡನ ಕಾರು ಎಲ್ಲಿಗೆ ಬಂತಮ್ಮ?” ಎಂದು ಕೇಳಿ ಕಣ್ಣು ಮಿಟುಕಿಸಿದರು. ಅದನ್ನು ಅವಳು ಇವನಿಗೆ ಹೇಳಲಿಲ್ಲ.

ಆಮೇಲೆ ಅವಳ ತಂಗಿಗೆ ಮಗುವಾಯಿತು. ಹನ್ನೊಂದು ವರ್ಷ ಹರಕೆ ಹೊತ್ತು ಆದ ಮಗು. ತವರಿನಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ದೊಡ್ಡಮ್ಮನೇ ಮೊದಲು ತೊಟ್ಟಿಲು ತೂಗಬೇಕು ಎಂದು ತಂಗಿ ಹೇಳಿ ಕಳಿಸಿದ್ದಳು. ವೆಲ್ಡರ್ ಹೆಂಡತಿಯ ಕೈ ಹಿಡಿದು, “ಈ ಸಲ ಕಾರಿನಲ್ಲೇ. ಆಣೆ” ಎಂದ. ಅವಳು ಹೂಂ ಎಂದಳು ಅಷ್ಟೆ.

ಶಾಸ್ತ್ರದ ದಿನ ಬೆಳಗ್ಗೆ ಅವನು ಕಾರಿನ ಕೆಳಗಿದ್ದ. “ಇನ್ನೊಂದೇ ಒಂದು ನೋಡಿಬಿಡ್ತೀನಿ ಕಣೇ” ಎಂದು ಕೂಗಿದ. ತಲೆ ಹೊರಗೆ ಹಾಕಿದರೆ, ಅವಳು ಬ್ಯಾಗು ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಳು. ಬಾಣಂತಿಗೆ ಸೀರೆ, ಮಗುವಿಗೆ ತಾನೇ ಹೊಲಿದ ಕುಲಾವಿ, ಎಲ್ಲ ಬ್ಯಾಗಿನಲ್ಲಿತ್ತು.

“ಒಂಬತ್ತರ ಬಸ್ಸಿಗೆ ಹೋಗ್ತೀನಿ. ಅಡುಗೆ ಮಾಡಿಟ್ಟಿದ್ದೀನಿ, ಹೊತ್ತಿಗೆ ಸರಿಯಾಗಿ ಉಣ್ಣಿ” ಎಂದಳು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಎರಡು ಮಾತು ಅನ್ನಿಸಿಕೊಂಡು ಸುಮ್ಮನಾಗುತ್ತಿದ್ದ. ಇವಳು ಇನ್ನು ಯಾವತ್ತೂ ಈ ಕಾರಿನ ಮಾತೆತ್ತುವುದಿಲ್ಲ ಎಂದು ಅವನಿಗೆ ಆ ಕ್ಷಣಕ್ಕೆ ಖಾತ್ರಿಯಾಯಿತು. ಏಳು ವರ್ಷ ಕಟ್ಟಿದ್ದು ಯಾರಿಗಾಗಿಯೋ ಅವಳೇ ಬ್ಯಾಗು ಹಿಡಿದು ಬಸ್ಸಿಗೆ ನಡೆಯುತ್ತಿದ್ದಾಳೆ.

ಎದ್ದವನೇ ಸೀಟಿನ ಪ್ಲಾಸ್ಟಿಕ್ ಪರಪರ ಹರಿದ. “ಬಾ, ಬಸ್ ಸ್ಟ್ಯಾಂಡಿನ ತನಕವಾದರೂ ಬಿಡ್ತೀನಿ. ಸದ್ದು ಬರುತ್ತೆ, ನೀನು ನಗಬಾರದು” ಎಂದ.

ಅವಳು ಆ ಕೆಂಪು ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ, ಕೂತಳು. ಕಾರು ಹೊರಟಿತು.

ಬೀದಿಯ ತುದಿಯ ಗುಂಡಿ ಬಂತು. ಅವನು ಹಲ್ಲು ಕಚ್ಚಿ ಹಿಡಿದ. ಸದ್ದಿಲ್ಲ. “ಇದಕ್ಕೆ ಬರಲಿಲ್ಲ, ಮುಂದಿನದಕ್ಕೆ ಬರುತ್ತೆ ನೋಡು” ಎಂದ. ಮುಂದಿನದಕ್ಕೂ ಇಲ್ಲ. ಸೇತುವೆ ಹತ್ತಿ ಇಳಿದರೂ ಇಲ್ಲ. ಅವನಿಗೆ ದಿಗಿಲಾಯಿತು. ಕಿವಿ ನಿಮಿರಿಸಿಕೊಂಡು, ಇದ್ದಬದ್ದ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಇಳಿಸತೊಡಗಿದ. ಅವಳು ಬ್ಯಾಗು ಅವಚಿಕೊಂಡು ಎಗರಿ ಎಗರಿ ಕೂರುತ್ತಿದ್ದಳು.

“ರೀ, ಬಸ್ ಸ್ಟ್ಯಾಂಡು ಹಿಂದೆ ಹೋಯ್ತು.”

“ಅಯ್ಯೋ ಸುಮ್ನಿರೇ, ಸದ್ದು ಬರೋ ಹೊತ್ತು!”

ಸದ್ದು ಬರಲಿಲ್ಲ. ಅವಳ ತವರೂರೇ ಬಂತು.

ಕಾರು ಬಾಗಿಲಲ್ಲಿ ನಿಂತಾಗ ಯಾರೂ ನಗಲಿಲ್ಲ. ಪಂಕ್ತಿಯಲ್ಲಿ ನಕ್ಕವರೂ ಬಂದು ಬಾಗಿಲು ಸವರಿ ನೋಡಿದರು. ಹೆಂಡತಿ ಇಳಿದಳು, ಆರತಿ ಎತ್ತಿದರು. ಇವನು ಕಾರನ್ನು ನೆರಳಿಗೆ ನಿಲ್ಲಿಸೋಣ ಎಂದು ಒಬ್ಬನೇ ಎರಡು ಮಾರು ಮುಂದೆ ಹೋದ. ಕೀಚ್!

ಗಕ್ಕನೆ ನಿಲ್ಲಿಸಿದ. “ಬಾರೇ ಇಲ್ಲಿ, ಕೂರು” ಎಂದು ಕೂಗಿದ. ಅವಳು ಹಣೆಯ ಕುಂಕುಮ ಇನ್ನೂ ಹಸಿಯಿರುವಾಗಲೇ ಓಡಿ ಬಂದು ಕೂತಳು. ಹಿಂದೆ ಮುಂದೆ ಓಡಿಸಿದ. ಸದ್ದಿಲ್ಲ. “ಇಳಿ” ಎಂದ. ಇಳಿದಳು. ಕೀಚ್. “ಹತ್ತು” ಎಂದ. ಹತ್ತಿದಳು. ಸದ್ದಿಲ್ಲ. ನೆಂಟರೆಲ್ಲ ಅಳಿಯನಿಗೆ ಏನೋ ಆಗಿದೆ ಎಂದು ಮುಖ ಮುಖ ನೋಡಿಕೊಂಡರು.

ಮೂರನೆಯ ಸಲ ಹತ್ತಿದಾಗ ಅವಳಿಗೆ ಥಟ್ಟನೆ ಹೊಳೆಯಿತು. “ರೀ, ಆ ಕೆಳಗಿನ ನಟ್ಟು ಬಿಗಿಯುವಾಗ ಗಾಡಿಗೆ ಭಾರ ಬೇಕು ಅಂತ ನನ್ನನ್ನೇ ಕರೆದು, ಇಲ್ಲೇ ಹಲಗೆ ಹಾಕಿ ಕೂರಿಸಿದ್ರಲ್ಲ. ಮಧ್ಯಾಹ್ನವೆಲ್ಲ ಕೂತು ಮೂರು ಮೊರ ಅಕ್ಕಿ ಆರಿಸಿದೆ. ಮರೆತೇಬಿಟ್ರಾ?” ಎಂದಳು.

ಅವನು ಸ್ಟೇರಿಂಗು ಬಿಟ್ಟು ಹಣೆ ಬಡಿದುಕೊಂಡ. ಆ ನಟ್ಟು ಬಿಗಿದಾಗ ಸ್ಪ್ರಿಂಗಿನ ಕೀಲಿನೊಳಗಿನ ರಬ್ಬರು ಕಚ್ಚಿಕೊಂಡದ್ದು ಅವಳು ಕೂತ ಭಾರಕ್ಕೆ. ಅವಳಿಲ್ಲದಿದ್ದರೆ ಗಾಡಿ ಎಡಗಡೆ ಅಷ್ಟು ಮೇಲೇಳುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ, ಕೂಗುತ್ತದೆ. ಅವಳು ಕೂತರೆ ತನ್ನ ಜಾಗಕ್ಕೆ ಬಂದು ಸುಮ್ಮನಾಗುತ್ತದೆ. ಇವನೋ, ಸದ್ದು ಹೋದ ಮೇಲೆ ಅವಳನ್ನು ಕೂರಿಸಬೇಕೆಂದು ಆ ಸೀಟನ್ನು ಕಾವಲು ಕಾಯ್ದು ಕಾಯ್ದು ಖಾಲಿ ಇಟ್ಟಿದ್ದ.

ಅಷ್ಟು ಜನರ ಮುಂದೆ ಅವನಿಗೆ ನಗುವೂ ಬಂತು, ಅಳುವೂ ಬಂತು. ಎಣ್ಣೆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿ, “ಏಳಿ, ಮಗು ಕಾಯ್ತಿದೆ” ಎಂದು ಒಳಗೆ ಕರೆದುಕೊಂಡು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಂದಿನ ಕಾಯಿಗಳು ಹಾಗೇ ಇದ್ದವು. ಒಂದನ್ನೂ ಬಿಡಿಸಿರಲಿಲ್ಲ.

“ಹಾಗಾದರೆ ಆ ಸದ್ದು ಆಮೇಲೆ ಹೋಯಿತೇ ಗುರುಗಳೇ?” ಎಂದು ಕೇಳಿದ.

“ಎಲ್ಲಿ ಹೋಗುತ್ತದೆ? ಒಂದು ನಟ್ಟು ಸಡಿಲಿಸಿ ಬಿಗಿದರೆ ಹೋಗುತ್ತಿತ್ತು. ಅವನು ಮಾಡಲಿಲ್ಲ. ಇವತ್ತಿಗೂ ಒಬ್ಬನೇ ಹೋಗಿ ಬರುವಾಗ ಬೀದಿಯ ತುದಿಯಲ್ಲಿ ಕೀಚ್ ಎನ್ನುತ್ತದಂತೆ. ಅವಳು ಕಾಫಿಗೆ ನೀರಿಡುತ್ತಾಳಂತೆ.”

ಗುರುಗಳು ಬಿಡಿಸಿದ ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆ ಕೊಡವಿ ಮೇಲೆದ್ದರು. ಒಳಗೆ ಹೋಗುತ್ತ ಹೊಸಿಲ ಮೇಲೆ ನಿಂತು ತಿರುಗಿ ನೋಡಿದರು.

“ಅದಿರಲಿ, ನಿಮ್ಮಣ್ಣನ ತೂಕ ಎಷ್ಟಿರಬಹುದಪ್ಪ?”