ಬಸರಿ ಮರದ ಏಳು ಗೆರೆ

ಮಕ್ಕಳೇ, ನಿಮ್ಮಲ್ಲಿ ತಡವಾಗಿ ಮಾತು ಕಲಿತವರು ಯಾರಾದರೂ ಇದ್ದೀರಾ? ಇದ್ದರೆ ಮುಂದೆ ಬಂದು ಕೂತುಕೊಳ್ಳಿ. ಬೇಗ ಕಲಿತವರು ಹಿಂದೆ ಕೂತರೂ ಆದೀತು. ಆದರೆ ಕತೆ ಮುಗಿಯುವ ತನಕ ಬಾಯಿಗೆ ಬೀಗ ಹಾಕಿಕೊಳ್ಳಬೇಕು, ಅಷ್ಟೇ.

ಒಂದು ಕಾಡಿನ ನಡುವೆ ಒಂದು ಕೊಳ. ಕೊಳದ ದಡದಲ್ಲಿ ದೊಡ್ಡ ಬಸರಿ ಮರ. ಅದರ ಪಕ್ಕದ ಪೊದೆಯಲ್ಲಿ ಮುಳ್ಳಮ್ಮ ಎಂಬ ಮುಳ್ಳುಹಂದಿ ತನ್ನ ಒಬ್ಬನೇ ಮಗ ಚೂಪನ ಜೊತೆ ವಾಸವಾಗಿದ್ದಳು. ಚೂಪ ಗುಂಡುಗುಂಡಗಿದ್ದ. ಗೆಡ್ಡೆ ಕೊಟ್ಟರೆ ತಿನ್ನುತ್ತಿದ್ದ, ಮರದ ತೊಗಟೆ ಸಿಕ್ಕಿದರಂತೂ ಊಟ ನಿದ್ದೆ ಎಲ್ಲ ಮರೆತು ಕರುಮ್ ಕರುಮ್ ಎಂದು ಕೂರುತ್ತಿದ್ದ. ಎಲ್ಲವೂ ಸರಿಯಾಗಿತ್ತು, ಮಾತು ಮಾತ್ರ ಬಂದಿರಲಿಲ್ಲ. ಓರಗೆಯ ಮರಿಗಳು ಬಾಯಿತುಂಬ ಹರಟುವಾಗ ಇವನು "ಹೂಂ" ಎನ್ನುತ್ತಿದ್ದ.

"ಗೆಡ್ಡೆ ತಾ" ಎಂದರೆ ತರುತ್ತಿದ್ದ. "ಮಳೆ ಬರೋ ಹಾಗಿದೆಯಪ್ಪ" ಎಂದು ಅಮ್ಮ ತನ್ನಷ್ಟಕ್ಕೆ ಗೊಣಗಿಕೊಂಡರೂ, ಹೊರಗೆ ಬಿದ್ದಿದ್ದ ಒಣಹುಲ್ಲನ್ನು ಒಳಗೆ ಎಳೆದು ತರುತ್ತಿದ್ದ. ಇದನ್ನು ಯಾರೂ ಗಮನಿಸಿರಲಿಲ್ಲ. ನಿಜ ಹೇಳಬೇಕೆಂದರೆ, ಹೆತ್ತ ಮುಳ್ಳಮ್ಮನೂ ಗಮನಿಸಿರಲಿಲ್ಲ. ಅವಳಿಗೆ ಮಗನ ಮಾತಿನದೇ ಚಿಂತೆಯಾಗಿತ್ತು.

ಹೀಗಿರುವಾಗ ಆ ಕಾಡಿಗೆ ವಾಚಸ್ಪತಿ ಮೇಷ್ಟ್ರು ಬಂದರು. ಇವರು ಒಂದು ಗೊರವಂಕ ಹಕ್ಕಿ. ಊರಿನ ಶಾಲೆಯ ಹೆಂಚಿನ ಸಂದಿಯಲ್ಲಿ ಹುಟ್ಟಿ ಬೆಳೆದವರು. ಕೇಳಿದ ಮಾತನ್ನು ಕೇಳಿದ ಹಾಗೇ ಒಪ್ಪಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಹಾಗಾಗಿ ಬುದ್ಧಿ ಎಂದರೆ ಅದೇ ಎಂದು ತಿಳಿದುಕೊಂಡಿದ್ದರು.

ಮೇಷ್ಟ್ರು ಬಸರಿ ಮರದ ಕಾಂಡವನ್ನು ಕೊಕ್ಕಿನಿಂದ ಕುಟ್ಟಿ, ಬುಡದಿಂದ ಮೇಲಕ್ಕೆ ಏಳು ಗೆರೆ ಎಳೆದರು.

"ಇದು ಬುದ್ಧಿ ಅಳೆಯುವ ಮರ. ನಾನು ಹೇಳಿದ್ದನ್ನು ಮರಿಗಳು ತಿರುಗಿ ಹೇಳಬೇಕು. ಹತ್ತು ಪದಕ್ಕೆ ಒಂದು ಗೆರೆ. ಮೂರು ಗೆರೆ ಮುಟ್ಟದ ಮರಿ ದಡ್ಡ. ದಡ್ಡತನ ತುರಿಕಜ್ಜಿ ಇದ್ದ ಹಾಗೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಅಂಥವರು ಕೊಳದ ಹತ್ತಿರ ಬರಕೂಡದು, ಹಳ್ಳದ ಆಚೆ ಒಬ್ಬರೇ ಆಡಿಕೊಳ್ಳಲಿ," ಎಂದರು.

ತಂದೆತಾಯಿಗಳೆಲ್ಲ ತಲೆಯಾಡಿಸಿದರು. ಪ್ರತಿಯೊಬ್ಬರಿಗೂ ತಮ್ಮ ಮರಿ ಏಳನೇ ಗೆರೆಯದ್ದೇ ಎಂಬ ನಂಬಿಕೆ! ಅಂದಿನಿಂದ ಕಾಡಿನಲ್ಲಿ "ಊಟ ಆಯ್ತಾ?" ಎಂದು ಕೇಳುವವರೇ ಇಲ್ಲವಾದರು. "ನಿಮ್ಮವನು ಎಷ್ಟು ಗೆರೆ?" ಎಂಬುದೇ ಮಾತಾಯಿತು.

ಮೊಲಗಿತ್ತಿ ಕಿವಿಯಮ್ಮ ಮುಳ್ಳಮ್ಮನ ಮನೆ ಬಾಗಿಲಿಗೇ ಬಂದು ಹೇಳಿದಳು: "ನಮ್ಮ ಬೆಳ್ಳಿ ಆರು ಗೆರೆ ಕಣ್ರೀ! ಆರು! ನಿಮ್ಮ ಚೂಪನ್ನ ಕರ್ಕೊಂಡು ಹೋಗಲ್ವಾ?"

"ಹೋಗ್ತೀನಿ. ನನ್ನ ಮಗನೂ ಜಾಣನೇ," ಎಂದಳು ಮುಳ್ಳಮ್ಮ.

"ಅನ್ನಿಸುತ್ತೆ, ಅನ್ನಿಸುತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು!"

ಪಕ್ಕದ ಬಿಲದಿಂದ ಹೆಗ್ಗಣವೊಂದು ತಲೆ ಹೊರಗೆ ಹಾಕಿ, "ನಿಮ್ಮ ನಿಮ್ಮ ಜಗಳಕ್ಕೆ ನಮ್ಮ ಹೆಸರು ಯಾಕ್ರೀ?" ಎಂದು ಗದರಿಸಿತು.

ಮರುದಿನ ಬೆಳಿಗ್ಗೆ ಮುಳ್ಳಮ್ಮ ಮಗನ ಮುಖ ತೊಳೆದು, ಮುಳ್ಳುಗಳನ್ನು ಓರಣ ಮಾಡಿ ಮರದ ಬಳಿಗೆ ಕರೆತಂದಳು. "ಒಂದೇ ಒಂದು ಸಲ ಬಾಯಿ ಬಿಡು ಮಗಾ," ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು.

ಮೇಷ್ಟ್ರು ಕೊಕ್ಕು ಸರಿಮಾಡಿಕೊಂಡರು. "ಹೇಳು ನೋಡೋಣ. ನೀರು!"

ಚೂಪ ಕೊಳಕ್ಕೆ ಓಡಿದ. ಒಂದು ತಾವರೆ ಎಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅದರಲ್ಲಿ ನಾಲ್ಕು ಹನಿ ನೀರು ಉಳಿಸಿಕೊಂಡು ಬಂದು ಮೇಷ್ಟ್ರ ಮುಂದಿಟ್ಟ.

"ನನಗೆ ಬಾಯಾರಿಲ್ಲ. ಸೊನ್ನೆ! ಈಗ ಹೇಳು, ನೆರಳು!"

ಚೂಪ ಬಿಸಿಲಿನಿಂದ ಎದ್ದು ನೆರಳಿಗೆ ಹೋಗಿ ಕೂತ.

"ಓಡಾಡಿದ್ದಕ್ಕೆಲ್ಲ ಅಂಕ ಇಲ್ಲ. ಸೊನ್ನೆ! ಕೊನೆಯದಾಗಿ ಸುಲಭದ್ದು ಕೊಡ್ತೀನಿ. ಅಮ್ಮ!"

ಚೂಪ ಎದ್ದು ಬಂದು, ಮುಳ್ಳುಗಳನ್ನು ಮೆಲ್ಲಗೆ ಮಡಚಿಕೊಂಡು ಮುಳ್ಳಮ್ಮನ ಮಗ್ಗುಲಿಗೆ ಒರಗಿ ನಿಂತ. ಮುಳ್ಳಮ್ಮನ ಕಣ್ಣಲ್ಲಿ ನೀರು ತುಂಬಿತು. ಮಗ ಉತ್ತರ ಹೇಳಿಬಿಟ್ಟನಲ್ಲ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಅಷ್ಟು ದೊಡ್ಡ ಮೇಷ್ಟ್ರ ಎದುರು ಅದನ್ನು ಹೇಳಲು ಧೈರ್ಯ ಬರಲಿಲ್ಲ.

"ಸೊನ್ನೆ, ಸೊನ್ನೆ, ಸೊನ್ನೆ!" ಎಂದು ಮೇಷ್ಟ್ರು ಮೊದಲ ಗೆರೆಗಿಂತ ಕೆಳಗೆ, ಬೇರಿನ ಹತ್ತಿರ ಕುಟ್ಟಿ ಗುರುತು ಹಾಕಿದರು. "ಇವತ್ತಿನಿಂದಲೇ ಹಳ್ಳದಾಚೆ."

ಮರಿಗಳು ಕಿಸಕ್ಕನೆ ನಕ್ಕವು. ಮುಳ್ಳಮ್ಮ ತಲೆ ತಗ್ಗಿಸಿ ಮಗನನ್ನು ಕರೆದುಕೊಂಡು ಹೊರಟಳು. ಗೆಳೆಯರಿಲ್ಲದೆ ಈ ಮಗು ಹೇಗೆ ಬೆಳೆದೀತು, ಯಾರ ಜೊತೆ ಆಡೀತು ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದಳು.

ಇತ್ತ ಮರದಡಿ ಏಳನೇ ಗೆರೆಯ ಪಾಠ ಶುರುವಾಯಿತು. ಆ ಗೆರೆಯ ಕೊನೆಗೆ ಮೇಷ್ಟ್ರು ಆರಿಸಿಟ್ಟಿದ್ದ ಎರಡು ಪದ, "ಹಾವು ಬಂತು!" ಒಂದು ವಾರದಿಂದ ಅದೇ ಗಿಣಿಪಾಠ. ದೊಡ್ಡವರಿಗೂ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು.

ಆಗಲೇ ಮರದ ತುದಿಯಲ್ಲಿದ್ದ ಅಳಿಲು ಬಾಲ ನಿಮಿರಿಸಿ ಚೀರಿತು. "ಹಾವು ಬಂತು! ಹಾವು ಬಂತು!"

ಜೊಂಡಿನೊಳಗಿನಿಂದ ಒಂದು ಹೆಬ್ಬಾವು ಹರಿದು ಬರುತ್ತಿತ್ತು.

"ಹಾವು ಬಂತು! ಹಾವು ಬಂತು!" ಎಂದು ಮರಿಗಳೆಲ್ಲ ಒಕ್ಕೊರಲಿನಿಂದ ಹೇಳಿದವು. ಒಂದೂ ಕೂತ ಜಾಗದಿಂದ ಏಳಲಿಲ್ಲ.

"ಭೇಷ್! ಇನ್ನೂ ಸ್ವಲ್ಪ ಎಳೆದು ಹೇಳಿ," ಎಂದರು ಮೇಷ್ಟ್ರು, ಕಣ್ಣು ಮುಚ್ಚಿ ತಾಳ ಹಾಕುತ್ತ.

"ಅಯ್ಯೋ, ನಿಜವಾಗ್ಲೂ ಹಾವು ಬಂತು!" ಎಂದಿತು ಅಳಿಲು.

"ಅಯ್ಯೋ, ನಿಜವಾಗ್ಲೂ ಹಾವು ಬಂತು!" ಎಂದವು ಮರಿಗಳು.

"ಆಹಾ, ಒಂದೇ ಉಸಿರಿಗೆ ನಾಲ್ಕು ಪದ! ಎಂಟನೇ ಗೆರೆಯನ್ನೇ ಎಳೆಯಬೇಕು!" ಎಂದು ಮೇಷ್ಟ್ರು ಕುಣಿದಾಡಿದರು. ದಡದಲ್ಲಿ ಹರಟುತ್ತಿದ್ದ ತಾಯಂದಿರು, ಇವತ್ತು ಪಾಠ ಬಹಳ ಜೋರಾಗಿದೆ ಎಂದು ಮೆಚ್ಚಿಕೊಂಡರು.

ಹೆಬ್ಬಾವಿಗೆ ತನ್ನ ಜನ್ಮದಲ್ಲಿ ಇಂಥ ಸ್ವಾಗತ ಸಿಕ್ಕಿರಲಿಲ್ಲ. ಅದು ಅವಸರವಿಲ್ಲದೆ ಮುಂದಿನ ಸಾಲಿನಲ್ಲಿದ್ದ ಬೆಳ್ಳಿಯ ಕಡೆಗೆ ತಲೆ ಚಾಚಿತು.

ಅಷ್ಟು ಹೊತ್ತಿಗೆ ಹಳ್ಳದ ಅಂಚಿನಲ್ಲಿದ್ದ ಚೂಪ ಗಕ್ಕನೆ ನಿಂತ. ಕಿವಿ ನಿಮಿರಿಸಿದ. ಅಮ್ಮನ ಮಗ್ಗುಲು ಬಿಟ್ಟು ತಿರುಗಿ ಓಡತೊಡಗಿದ. ಮುಳ್ಳಮ್ಮನೂ ತಿರುಗಿ ನೋಡಿದಳು. ಹಾವು ಕಣ್ಣಿಗೆ ಬಿದ್ದದ್ದೇ ಕೂಗಿಕೊಂಡಳು.

"ಬೇಡ ಮಗಾ! ನಿಲ್ಲು!"

ಅಮ್ಮನ ಮಾತು ಅವನಿಗೆ ಚೆನ್ನಾಗಿ ಅರ್ಥವಾಯಿತು. ಹುಟ್ಟಿದಾಗಿನಿಂದ ಅವನು ಅಮ್ಮನ ಮಾತು ಮೀರಿದ್ದು ಆಗ ಒಂದೇ ಸಲ.

ಚೂಪ ಬೆಳ್ಳಿಗೂ ಹೆಬ್ಬಾವಿಗೂ ನಡುವೆ ನುಗ್ಗಿದ. ಹಾವಿಗೆ ಬೆನ್ನು ಮಾಡಿ, ಮುಳ್ಳುಗಳನ್ನೆಲ್ಲ ಗರಿಗೆದರಿಸಿ, ಹಿಂದುಹಿಂದಕ್ಕೆ ನುಗ್ಗಿ ಅದರ ಮೂತಿಗೇ ಗುದ್ದಿದ. ಬಾಯಿ ತೆರೆದಿದ್ದ ಹೆಬ್ಬಾವಿನ ಮೂತಿಗೆ ಐದಾರು ಮುಳ್ಳು ನೆಟ್ಟವು. ಅದು "ಸ್ಸ್ ಹಾ, ಸ್ಸ್ ಹಾ" ಎನ್ನುತ್ತ ತಲೆ ಕೊಡವಿತು. ಅಷ್ಟರಲ್ಲಿ ಮುಳ್ಳಮ್ಮನೂ ಓಡಿಬಂದು ಮಗನ ಪಕ್ಕದಲ್ಲಿ ಬೆನ್ನು ಕೊಟ್ಟು ನಿಂತಳು. ಎರಡು ಬೆನ್ನಿನ ಮುಳ್ಳು ಕಂಡ ಹೆಬ್ಬಾವು, ಈ ಊಟದ ಸಹವಾಸವೇ ಬೇಡವೆಂದು ಜೊಂಡಿನೊಳಗೆ ನುಸುಳಿಹೋಯಿತು.

ಆಗಲೇ ತಾಯಂದಿರಿಗೆ ಎಚ್ಚರವಾದದ್ದು! ಅಳುತ್ತ, ಬೈಯುತ್ತ ತಂತಮ್ಮ ಮರಿಗಳನ್ನು ಅಪ್ಪಿಕೊಂಡರು. ಕಿವಿಯಮ್ಮ ಮುಳ್ಳಮ್ಮನ ಕಾಲ ಬಳಿ ಕುಸಿದು ಕೂತಳು.

"ನನ್ನ ಬಾಯಿಗೆ ಬೆಂಕಿ ಹಾಕ. ನಿಮ್ಮ ಮಗ ಇಲ್ಲದಿದ್ರೆ ನನ್ನ ಬೆಳ್ಳಿ..." ಎಂದು ಮಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

"ಏಳಿ ಕಿವಿಯಮ್ಮ. ಮಗಳನ್ನ ಮನೆಗೆ ಕರ್ಕೊಂಡು ಹೋಗಿ, ಹೆದರಿಕೊಂಡಿದ್ದಾಳೆ," ಎಂದಳು ಮುಳ್ಳಮ್ಮ. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. ಪರೀಕ್ಷೆಯ ಹೊತ್ತಿಗೆ ಬಾರದ ಧೈರ್ಯ ಈಗ ಬಂದಿತ್ತು.

"ಮೇಷ್ಟ್ರೇ, ನೀವು ನೀರು ಅಂದ್ರಿ, ನೀರು ತಂದುಕೊಟ್ಟ. ನೆರಳು ಅಂದ್ರಿ, ನೆರಳಿಗೆ ಹೋದ. ಅಮ್ಮ ಅಂದ್ರಿ, ನನ್ನ ಹತ್ರ ಬಂದ. ನನ್ನ ಮಗ ಮೂರಕ್ಕೆ ಮೂರೂ ಹೇಳಿದ್ದ. ಕೇಳಿಸಿಕೊಳ್ಳೋಕೆ ನಿಮಗೆ ಬರಲಿಲ್ಲ, ಅಷ್ಟೇ."

ಮೇಷ್ಟ್ರ ಕೊಕ್ಕು ಬಾಗಿತು. "ನಿಜ ತಾಯಿ. ಆ ಮಾತನ್ನ ಸಾವಿರ ಸಲ ಹೇಳಿದವನು ನಾನು, ಹಾವು ಎದುರಿಗೆ ಬಂದಾಗ ತಾಳ ಹಾಕ್ತಾ ಕೂತಿದ್ದೆ. ಇಷ್ಟು ದಿನ ನಾನು ಅಳೆದದ್ದು ಬರೀ ನಾಲಿಗೆಯ ಉದ್ದ. ತಪ್ಪಾಯ್ತಪ್ಪ ಚೂಪ."

ತಪ್ಪೊಪ್ಪಿಗೆ ಕೇಳಿ ಚೂಪನಿಗೆ ಮೇಷ್ಟ್ರ ಮೇಲೆ ಪ್ರೀತಿ ಬಂತು. ಒರಗಿಕೊಳ್ಳಲೆಂದು ಅವರತ್ತ ನಡೆದ. ಮುಳ್ಳುಗಳು ಇನ್ನೂ ಪೂರ್ತಿ ಮಡಚಿರಲಿಲ್ಲ.

"ಅರ್ಥ ಆಯ್ತು, ಅರ್ಥ ಆಯ್ತು! ಅಲ್ಲೇ ನಿಂತ್ಕೋ!" ಎಂದು ಮೇಷ್ಟ್ರು ಪುರ್ರನೆ ಕೊಂಬೆಗೆ ಹಾರಿದರು. ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು.

"ಹಾಗಾದ್ರೆ ಚೂಪನಿಗೆ ಎಷ್ಟು ಗೆರೆ ಕೊಡ್ತೀರಿ ಮೇಷ್ಟ್ರೇ?" ಎಂದು ಕೇಳಿತು ಅಳಿಲು.

ಮೇಷ್ಟ್ರು ಕೊಕ್ಕು ತೆರೆಯುವ ಮೊದಲೇ ಕೆಳಗಿನಿಂದ ಕರುಮ್ ಕರುಮ್ ಎಂದು ಸದ್ದು ಕೇಳಿಸಿತು. ಓಡಿ ಓಡಿ ಚೂಪನಿಗೆ ಹಸಿವಾಗಿತ್ತು. ಅವನು ಬಸರಿಯ ತೊಗಟೆ ತಿನ್ನುತ್ತಿದ್ದ. ಬೇರಿನ ಹತ್ತಿರವಿದ್ದ ಸೊನ್ನೆಯ ಗುರುತು ಆಗಲೇ ಹೊಟ್ಟೆ ಸೇರಿತ್ತು. ಆಮೇಲೆ ಒಂದನೇ ಗೆರೆ ಹೋಯಿತು, ಎರಡನೆಯದು ಹೋಯಿತು. ಹಿಂಗಾಲ ಮೇಲೆ ನಿಂತು ಮೂರನೆಯದನ್ನೂ ಮುಗಿಸಿದ. ಉಳಿದ ನಾಲ್ಕು ಗೆರೆಗಳನ್ನು ಎಲ್ಲಿಂದ ಎಣಿಸಬೇಕೆಂದು ಈಗ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಮೇಷ್ಟ್ರು ತಡೆಯಲಿಲ್ಲ. ಮುಳ್ಳಮ್ಮನೂ ಸಾಕು ಎನ್ನಲಿಲ್ಲ. "ನಿಧಾನಕ್ಕೆ ಅಗಿದು ತಿನ್ನು ಮಗಾ," ಎಂದಳು.

"ಹೂಂ," ಎಂದ ಚೂಪ.

ನೀತಿ: ಎಷ್ಟು ಮಾತು ಬರುತ್ತದೆ ಎಂದು ಎಣಿಸಿ ಯಾರ ಬುದ್ಧಿಯನ್ನೂ ಅಳೆಯಬೇಡಿ, ನೂರು ಸಲ ಹೇಳಿದವನಿಗಿಂತ ಒಮ್ಮೆ ಕೇಳಿ ಅರ್ಥಮಾಡಿಕೊಂಡವನೇ ಜಾಣ.