ಕೈಬಿಟ್ಟ ಕಣ್ಣುಗಳು

ಈ ಗುರುವಿಗೆ ಆಶ್ರಮವಿರಲಿಲ್ಲ. ಕಣ್ಣಿನ ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಕೋಣೆಯಿತ್ತು, ಕಿಟಕಿಯಾಚೆ ಹೊಳೆಯಿತ್ತು, ಶಿಷ್ಯರು ಕಾದು ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿಯಿತ್ತು. ಗುರುವಿನ ಹೆಸರು ಡಾಕ್ಟರ್ ಬಕ್ಕಪ್ಪ.

ಶಿಷ್ಯೆ ಸಿಂಚನಾ. ಸಕ್ಕರೆ ಕಾಯಿಲೆಯವರ ಕಣ್ಣಿನ ಒಳಪರದೆಯ ಚಿತ್ರ ನೋಡಿ, ರೋಗ ಇದೆಯೋ ಇಲ್ಲವೋ ಹೇಳುವುದನ್ನು ಕಂಪ್ಯೂಟರಿಗೆ ಕಲಿಸುವುದೇ ಅವಳ ಪಿಎಚ್‌.ಡಿ. ಆರನೆಯ ವರ್ಷ ನಡೆಯುತ್ತಿತ್ತು. ಅವಳಿಗೆ ಸಾಕುಸಾಕಾಗಿ ಹೋಗಿತ್ತು.

ಒಂದು ಮಧ್ಯಾಹ್ನ ಅವಳು ಪ್ರಬಂಧವನ್ನು ತಂದು ಗುರುವಿನ ಮೇಜಿನ ಮೇಲಿಟ್ಟಳು.

“ಸರ್, ಒಂದು ಸಹಿ ಹಾಕಿಬಿಡಿ. ಶುಕ್ರವಾರ ಕೊನೇ ದಿನ. ತಪ್ಪಿದ್ರೆ ಇನ್ನೊಂದು ವರ್ಷ. ನನ್ನ ಕೈಲಿ ಆಗಲ್ಲ.”

“ನಿನ್ನ ಯಂತ್ರ ಎಷ್ಟು ಸರಿ ಹೇಳುತ್ತೆ?”

“ನೂರಕ್ಕೆ ತೊಂಬತ್ತೇಳು.”

“ನಾನೇ ಅಷ್ಟು ಸರಿ ಹೇಳಲ್ಲವಲ್ಲ. ಅದು ಹೇಗೆ?”

ಸಿಂಚನಾ ಮುಚ್ಚಿಡುವವಳಲ್ಲ. “ಒಂದೊಂದು ಚಿತ್ರಾನೂ ಇಬ್ಬರು ಡಾಕ್ಟ್ರು ನೋಡಿದಾರೆ. ಇಬ್ಬರೂ ಒಂದೇ ಹೇಳಿದ್ದನ್ನ ಇಟ್ಕೊಂಡೆ. ಒಬ್ಬರು ಇದೆ, ಇನ್ನೊಬ್ಬರು ಇಲ್ಲ ಅಂದಿದ್ದನ್ನ ಕೈಬಿಟ್ಟೆ. ಎಲ್ಲರೂ ಹಾಗೇ ಮಾಡ್ತಾರೆ ಸರ್.”

“ಎಷ್ಟು ಜನರನ್ನ ಕೈಬಿಟ್ಟೆ?”

“ಜನರನ್ನಲ್ಲ ಸರ್, ಚಿತ್ರಗಳನ್ನ. ಆರುನೂರ ಹನ್ನೆರಡು.”

ಬಕ್ಕಪ್ಪ ಪ್ರಬಂಧವನ್ನು ತೆರೆಯಲಿಲ್ಲ. ಪಕ್ಕದಲ್ಲಿದ್ದ ಒಂದು ಚೀಟಿ ಎತ್ತಿ ಅವಳ ಕೈಗೆ ಕೊಟ್ಟರು.

“ಹೊರಗೆ ಚಮನ್‌ಸಾಬ್ ಅಂತ ಕೂತಿದಾರೆ, ಲಾರಿ ಡ್ರೈವರು. ಅವರ ಕಣ್ಣು ನೋಡಿ ನಾನು ರೋಗ ಇದೆ ಅಂದೆ. ಪಕ್ಕದ ಕೋಣೆ ಡಾಕ್ಟ್ರು ಇಲ್ಲ ಅಂದ್ರು. ಹೋಗಿ ಅವರನ್ನ ಕೈಬಿಟ್ಟು ಬಾ.”

“ಅಂದ್ರೆ?”

“ಮನೆಗೆ ಕಳಿಸು. ನೀವು ನಮ್ಮ ಲೆಕ್ಕಕ್ಕೆ ಬರಲ್ಲ ಅನ್ನು.”

ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡಳು ಸಿಂಚನಾ. ಆದರೆ ಸಹಿ ಬೇಕಿತ್ತಲ್ಲ, ಹೋದಳು.

ಹೊರಗಿನ ಬೆಂಚುಗಳಲ್ಲಿ, ಕಣ್ಣಿಗೆ ಹನಿ ಹಾಕಿಸಿಕೊಂಡವರು ಬೆಳಕು ತಡೆಯಲಾರದೆ ಕಣ್ಣು ಮುಚ್ಚಿ ಕೂತಿದ್ದರು. ಹೆಸರು ಕೂಗಿದಾಗ ತುದಿಯಲ್ಲಿದ್ದವರೊಬ್ಬರು ಗೋಡೆ ಹಿಡಿದು ಎದ್ದು ನಿಂತರು.

“ಏನಂದ್ರು ಸಿಸ್ಟರ್? ಐತೋ ಇಲ್ಲೋ? ಇದ್ರೆ ಐತಿ ಅಂದ್ಬಿಡ್ರಿ, ತಡ್ಕಂತೀನಿ. ಇಲ್ಲಾಂದ್ರೆ ಹುಬ್ಬಳ್ಳಿ ಲೋಡ್ ಐತಿ, ನಾಳೆ ಹೊಂಟೋಗ್ತೀನಿ.”

ಸಿಂಚನಾಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆರು ವರ್ಷದಿಂದ ಚಿತ್ರಗಳಲ್ಲಿ ಸಾವಿರಾರು ಕಣ್ಣು ನೋಡಿದ್ದಳು, ಒಂದೂ ಅವಳನ್ನು ಹೀಗೆ ಕೇಳಿರಲಿಲ್ಲ.

“ಇನ್ನೂ ಗೊತ್ತಾಗಿಲ್ಲ ಚಾಚಾ.”

“ಡಾಕ್ಟ್ರಿಗೇ ಗೊತ್ತಾಗಿಲ್ಲೇನ್ರಿ?”

“ಇಲ್ಲ. ಇನ್ನೊಂದು ಪರೀಕ್ಷೆ ಮಾಡಿಸ್ತೀವಿ. ಅಲ್ಲೀತನಕ ಲಾರಿ ಬೇಡ.”

ಚಮನ್‌ಸಾಬ್ ಕೈಯಿಂದ ತಡವಿ ಬೆಂಚು ಹುಡುಕಿದರು.

“ಹಂಗಂದ್ರೆ ಕುಂತ್ಕಂತೀನಿ ಬಿಡ್ರಿ,” ಅಂದು ಮತ್ತೆ ಕೂತರು.

ಸಿಂಚನಾ ಒಳಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದಳು.

“ಕಳಿಸೋಕೆ ಆಗಲಿಲ್ಲ ಸರ್.”

ಬಕ್ಕಪ್ಪ ನೀರಿನ ಲೋಟವನ್ನು ಅವಳತ್ತ ಸರಿಸಿದರು. ಅವಳು ಕುಡಿದಳು. ಆಮೇಲೆ ತಾನೇ ಕೈಚಾಚಿ ಪ್ರಬಂಧವನ್ನು ಮೇಜಿನಿಂದ ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು, ಸುಸ್ತಿಗೆ.

“ಕೈಬಿಟ್ಟ ಚಿತ್ರಗಳನ್ನೆಲ್ಲ ವಾಪಸ್ ಸೇರಿಸ್ತೀನಿ. ಇನ್ನೊಂದು ವರ್ಷ ಹೋದ್ರೆ ಹೋಗಲಿ. ಆದರೆ ಅವುಗಳ ಕೆಳಗೆ ಏನಂತ ಬರೀಲಿ ಸರ್? ಇದೆ ಅಂತಲೋ, ಇಲ್ಲ ಅಂತಲೋ?”

“ಗೊತ್ತಿಲ್ಲ ಅಂತ ಬರಿ.”

“ಗೊತ್ತಿಲ್ಲ ಅಂತ ಬರೆದ್ರೆ ಯಂತ್ರ ಏನು ಕಲಿಯುತ್ತೆ?”

ಬಕ್ಕಪ್ಪ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬೆಳಗಿನಿಂದ ಅವರು ಆಗಲೇ ನಲವತ್ತು ಜನರನ್ನು ನೋಡಿದ್ದರು.

“ಗೊತ್ತಿಲ್ಲ ಅನ್ನೋದನ್ನ. ಅದನ್ನ ಕಲಿಯೋಕೆ ನನಗೇ ಮೂವತ್ತು ವರ್ಷ ಹಿಡೀತು.”