ಬೂದನ ಸರದಿ

ಒಂದಾನೊಂದು ಕಾಲದಲ್ಲಿ, ಒಕ್ಕಣೆಗೆ ಯಂತ್ರ ಇನ್ನೂ ಬಂದಿರಲಿಲ್ಲ ಕಣೋ ಆಗ, ಭರಮಪ್ಪ ಅಂತ ಒಬ್ಬ ಇದ್ದನಂತೆ. ಅವನಿಗೆ ಇಬ್ಬರು ಗಂಡುಮಕ್ಕಳು, ಕೊನೇದು ನೀಲವ್ವ ಅನ್ನೋ ಮಗಳು. ಕಣದ ನಡುವೆ ಮೇಟಿ ಕಂಬ, ಕಂಬಕ್ಕೊಂದು ಹಗ್ಗ, ಹಗ್ಗಕ್ಕೆ ಐದೇ ಕುಣಿಕೆ, ಐದು ಎತ್ತು. ಕಂಬದ ಪಕ್ಕ ಕೆಂದ, ಆಮೇಲೆ ಬೋರ, ಆಮೇಲೆ ಕರಿಯ, ಆಮೇಲೆ ಚುಕ್ಕ, ಕಟ್ಟಕಡೇಲಿ ಬೂದ. ಐದೂ ಸಾಲಾಗಿ ತೆನೆ ತುಳೀತಾ ಸುತ್ತಬೇಕು. ಕಂಬದ ಹತ್ತಿರದ್ದು ನಿಂತಲ್ಲೇ ತಿರುಗಿದ ಹಾಗೆ, ಹೊರಗಿನದಕ್ಕೆ ಮಾತ್ರ ಓಟವೋ ಓಟವಂತೆ.

ಬೂದ ಪ್ರಾಯದಲ್ಲಿ ಬಲು ಚುರುಕು ಅಂತ ಭರಮಪ್ಪ ಅವನನ್ನ ಹೊರಗೆ ಕಟ್ಟಿದ್ದು, ಹತ್ತು ವರ್ಷ ಆದ್ರೂ ಅಲ್ಲೇ. ಈಗ ಅವನಿಗೆ ಮುಪ್ಪು, ಬಾಯಲ್ಲಿ ನೊರೆ. ನೀಲವ್ವ ಅಂಬೆಗಾಲಿಡುವಾಗ ಕರುವಾಗಿದ್ದ, ಜೊತೇಲೇ ಬೆಳೆದದ್ದು. ಇನ್ನೊಂದು ದಿನ ಓಡಿದರೆ ಸತ್ತೇಹೋಗ್ತಾನೆ, ಕಂಬದ ಹತ್ತಿರ ಕಟ್ಟಪ್ಪಾ ಅಂತ ಅವಳು ಅಪ್ಪನಿಗೆ ಹೇಳಿದಳಂತೆ. ಅವನು, ಮಿಕ್ಕ ನಾಲ್ಕೂ ನೆರೆಮನೆಯೋರ ಎತ್ತು, ಹೆಂಗೋ ಹೊಂದಿಕೊಂಡಿವೆ, ಸಾಲು ಕೆಡಿಸದೆ ಆದ್ರೆ ಮಾಡ್ಕೊಳ್ಳಿ ಅಂದುಬಿಟ್ಟನಂತೆ.

ದೊಡ್ಡಣ್ಣ ಬಂದು ಬೂದನನ್ನೂ ಕೆಂದನನ್ನೂ ಅದಲುಬದಲು ಮಾಡಿದ. ಕೆಂದಂಗೂ ಚುಕ್ಕಂಗೂ ಮೊದಲೇ ಎಣ್ಣೆ ಸೀಗೆಕಾಯಿ, ಪಕ್ಕಪಕ್ಕ ಬಂದದ್ದೇ ಕೊಂಬಿಗೆ ಕೊಂಬು ಹತ್ತಿ ಕಣವೆಲ್ಲಾ ಚೆಲ್ಲಾಪಿಲ್ಲಿ. ಬಿಡಿಸಿ ಮೊದಲಿನ ಹಾಗೇ ಕಟ್ಟಿದ್ದಾಯ್ತು. ಆಮೇಲೆ ಚಿಕ್ಕಣ್ಣ ಬಂದು, ಎಲ್ಲರನ್ನೂ ಒಂದೊಂದು ಕುಣಿಕೆ ಹೊರಕ್ಕೆ ಸರಿಸಿದರಾಯ್ತು ಅಂತ, ಕಂಬದ ಕಡೆಯಿಂದಲೇ ಶುರುಮಾಡಿ ಕೆಂದನನ್ನ ಬೋರನ ಕುಣಿಕೆಗೆ ತೂರಿಸೋಕೆ ಹೋದನಂತೆ. ಬೋರ ಇನ್ನೂ ಅಲ್ಲೇ ಇದ್ದಾನಲ್ಲ, ಒದ್ದ ಏಟಿಗೆ ಚಿಕ್ಕಣ್ಣ ಹುಲ್ಲಿನ ಮೇಲೆ.

ಆಮೇಲೆ ನೀಲವ್ವ ಬಂದಳು. ಮೊದಲು ಬೂದನನ್ನ ಬಿಚ್ಚಿ ಬೇವಿನ ಮರಕ್ಕೆ ಕಟ್ಟಿ ನೀರಿಟ್ಟಳು. ಕಡೇ ಕುಣಿಕೆ ಖಾಲಿಯಾಯ್ತಲ್ಲ, ಅಲ್ಲಿಗೆ ಚುಕ್ಕ, ಚುಕ್ಕನ ಜಾಗಕ್ಕೆ ಕರಿಯ, ಕರಿಯನ ಜಾಗಕ್ಕೆ ಬೋರ, ಬೋರನ ಜಾಗಕ್ಕೆ ಕೆಂದ. ಕಂಬದ ಪಕ್ಕದ್ದು ತೆರವಾಯ್ತು, ಅಲ್ಲಿಗೆ ಬೂದನನ್ನ ತಂದಳು. ಒಂದು ಎತ್ತೂ ಕಿವಿ ಅಲ್ಲಾಡಿಸಲಿಲ್ಲವಂತೆ.

ನಮ್ಮ ಎತ್ತನ್ನೇ ಹೊರಗೆ ಯಾಕೆ ಓಡಿಸ್ತೀರಿ ಅಂತ ಚುಕ್ಕನ ಮನೆಯೋರು ಕೇಳಿದ್ರೆ ಏನು ಹೇಳ್ಲಿ ಅಂದ ಅಪ್ಪ. ನಾಳೆ ಕರಿಯ ಹೊರಗೆ, ನಾಡಿದ್ದು ಬೋರ, ಅದರ ಮರುದಿನ ಕೆಂದ, ಎಲ್ಲರಿಗೂ ಸರದಿ ಅಂದಳಂತೆ.

ಹಂಗಾದ್ರೆ ಐದನೇ ದಿನ ಮತ್ತೆ ನಿನ್ನ ಬೂದನೇ ಅಲ್ವೇನೇ?

ಹೂಂ ಅಪ್ಪ. ಆದ್ರೆ ತೆನೆ ಇರೋದು ನಾಲ್ಕೇ ದಿನಕ್ಕೆ.

ಅಪ್ಪ ಬಣವೆ ಕಡೆ ನೋಡಿದ, ಮಗಳ ಕಡೆ ನೋಡಿದ, ಹೋ ಅಂತ ಎತ್ತುಗಳನ್ನ ಹೊರಡಿಸಿದ. ನಾಲ್ಕನೇ ದಿನ ಸಂಜೆಗೆ ಒಕ್ಕಣೆ ಮುಗೀತು. ಮುಂದಿನ ಸುಗ್ಗಿಗೆ ಅಪ್ಪನೇ ಹೋಗಿ ಬೇರೆ ಎತ್ತು ಹೊಂದಿಸಿಕೊಂಡು ಬಂದನಂತೆ, ಬೂದ ಬೇವಿನ ಮರದ ನೆರಳಲ್ಲೇ ಮೆಲುಕು ಹಾಕ್ತಾ ಉಳಿದನಂತೆ. ಅಲ್ಲಿಗೆ ಕತೆ ಮುಗೀತು, ನೀನೂ ಆ ಮಗ್ಗುಲಿಗೆ ಹೊರಳಿ ಮಲಕ್ಕೋ.